ಗುಂಪಿಗೊಂದೇ ಅಂಕ, ದುಡಿದವರು ಯಾರು?



ಬಿ.ಕಾಂ., ಬಿಬಿಎ, ಎಂಬಿಎ, ಯಾವ ತರಗತಿಗೇ ಹೋಗಿ, ಗ್ರೂಪ್ ಪ್ರಾಜೆಕ್ಟ್ ಎಂದೊಡನೆ ಅನೇಕರ ಮುಖ ಬಾಡುತ್ತದೆ. ಮಕ್ಕಳು ಸೋಮಾರಿಗಳೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ಅಧ್ಯಾಪಕರ ಈ ಸಭೆಯ ಅಧ್ಯಕ್ಷನಾಗಿ ನನಗೆ ಸಿಕ್ಕ ಈ ಹೊತ್ತನ್ನು ಅವರ ಪರವಾಗಿ ಮಾತನಾಡಲು ಬಳಸುತ್ತೇನೆ.

ಕೆಲಸ ನಡೆಯುವ ಬಗೆ ನಮಗೆಲ್ಲ ಗೊತ್ತು. ಹಾಜರಿ ಪುಸ್ತಕದ ಕ್ರಮದಲ್ಲಿ ಆರು ಜನರ ತಂಡ. ಒಬ್ಬರಿಗೆ ಪೀಠಿಕೆ, ಒಬ್ಬರಿಗೆ ಸ್ವಾಟ್ ವಿಶ್ಲೇಷಣೆ, ಮತ್ತೊಬ್ಬರಿಗೆ ಅಂಕಿಅಂಶ. ವಾಟ್ಸಾಪಿನಲ್ಲಿ ಬಂದ ತುಂಡುಗಳನ್ನು ಕೊನೆಯ ರಾತ್ರಿ ಒಬ್ಬಳೇ ಕೂತು ಜೋಡಿಸುತ್ತಾಳೆ. ಹೌದು, ಬಹಳ ಸಲ ಅದು ಹುಡುಗಿಯೇ. ಇಂಗ್ಲಿಷ್ ಸರಾಗವಾಗಿ ಬರುವವನು ಪಿಪಿಟಿ ಮುಂದೆ ನಿಲ್ಲುತ್ತಾನೆ. ಜೆರಾಕ್ಸ್ ಅಂಗಡಿಗೆ ಹೋಗಿ ಸ್ಪೈರಲ್ ಬೈಂಡಿಂಗ್ ಮಾಡಿಸಿ ತರುವ ಕೆಲಸ ಕನ್ನಡ ಮಾಧ್ಯಮದಿಂದ ಬಂದ ಹಳ್ಳಿಯ ಹುಡುಗನದು. ಆರೂ ಜನಕ್ಕೆ ಒಂದೇ ಅಂಕ.

ಆ ಹುಡುಗನ ವಿಷಯದಲ್ಲಿ ನನಗೆ ತುಂಬಾ ಸಂಕಟವಿದೆ. ಅವನ ಮನೆಯವರು ದಿನವೂ ಹಾಲಿನ ಡೇರಿಗೆ ಹಾಲು ಹಾಕುತ್ತಾರೆ. ಕೊಬ್ಬಿನಂಶ ನೋಡಿ ದರ ಕಟ್ಟುವುದು, ಬಟವಾಡೆ ತಡವಾದಾಗ ಹಿಂಡಿಗೆ ಉದ್ರಿ ಹೇಳುವುದು, ಇವೆಲ್ಲ ಅವನು ಕಣ್ಣಾರೆ ಕಂಡದ್ದು. ತಂಡದ ವಿಷಯ ‘ನಂದಿನಿ’ಯ ಪೂರೈಕೆ ಸರಪಳಿಯೇ ಆಗಿದ್ದರೂ ಯಾರೂ ಅವನನ್ನು ಒಂದು ಮಾತು ಕೇಳುವುದಿಲ್ಲ. ಚರ್ಚೆ ನಡೆಯುವುದು ಇಂಗ್ಲಿಷಿನಲ್ಲಿ, ಅದೂ ಸಂಜೆ, ಅವನ ಬಸ್ಸು ಹೊರಟ ಮೇಲೆ. ವರದಿಯಲ್ಲಿ ಕೊನೆಗೆ ಉಳಿಯುವುದು ಗೂಗಲ್‌ನಿಂದ ಎತ್ತಿದ ಪ್ಯಾರಾಗಳು.

ಗುಂಪು ಕೆಲಸವನ್ನೇ ಬಿಟ್ಟುಬಿಡೋಣ ಎನ್ನುವವರ ಜೊತೆ ನಾನಿಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್ ಹಗ್ಗ ಎಳೆಸಿ ನೋಡಿದ ಪ್ರಯೋಗವನ್ನು ಪ್ರಕಟಿಸಿದ್ದು 1913ರಲ್ಲಿ. ಎಳೆಯುವವರು ಹೆಚ್ಚಿದಂತೆ ಒಬ್ಬೊಬ್ಬರು ಹಾಕುವ ಬಲ ಇಳಿಯುತ್ತಾ ಹೋಯಿತು. ಯಾರ ಪಾಲೆಷ್ಟು ಎಂದು ಕಾಣದ ಕಡೆ ಕೈ ಸಡಿಲವಾಗುವುದು ಮನುಷ್ಯ ಸಹಜ. ಹಾಗಾಗಿ ಬದಲಾಗಬೇಕಾದದ್ದು ನಮ್ಮ ಏರ್ಪಾಡು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಓಕ್ಲಹೋಮಾ ವಿಶ್ವವಿದ್ಯಾಲಯದ ಬಿಸಿನೆಸ್ ಪ್ರಾಧ್ಯಾಪಕ ಲ್ಯಾರಿ ಮೈಕೆಲ್ಸನ್ ಅವರ ತರಗತಿ 40 ಜನರಿಂದ 120ಕ್ಕೆ ಏರಿತು. ಅವರು ಗುಂಪು ಕೆಲಸವನ್ನು ತರಗತಿಯ ಒಳಕ್ಕೇ ತಂದರು. ಮೊದಲು ಒಬ್ಬೊಬ್ಬರೇ ಕಿರುಪರೀಕ್ಷೆ ಬರೆಯಬೇಕು, ಅದೇ ಪ್ರಶ್ನೆಗಳಿಗೆ ಮತ್ತೆ ತಂಡವಾಗಿ ಉತ್ತರಿಸಬೇಕು. ಬಳಿಕ ಎಲ್ಲ ತಂಡಗಳಿಗೂ ಒಂದೇ ಸಮಸ್ಯೆ, ತೀರ್ಮಾನವನ್ನು ಎಲ್ಲರೂ ಒಟ್ಟಿಗೆ ಮುಂದಿಡಬೇಕು. ಬೇರೆ ಬೇರೆ ಬರೆದು ಅಂಟಿಸಲು ಅಲ್ಲಿ ಜಾಗವೇ ಇಲ್ಲ. ನಮ್ಮ ತುಂಬಿದ ಬಿ.ಕಾಂ. ತರಗತಿಗಳಿಗೆ ಇದು ಒಗ್ಗುತ್ತದೆ ಎಂದು ನಾನು ನಂಬಿದ್ದೇನೆ.

ಸಹಪಾಠಿಗಳೇ ಪರಸ್ಪರ ಅಂಕ ಕೊಡುವ ಪದ್ಧತಿಯ ಬಗ್ಗೆ ಮಾತ್ರ ನನಗೆ ಅಳುಕಿದೆ. ಗೆಳೆತನ, ಜಾತಿ, ಹಾಸ್ಟೆಲಿನ ಗುಂಪುಗಾರಿಕೆ ಅದರೊಳಗೆ ನುಸುಳದೆ ಇರುವುದಿಲ್ಲ. ಪ್ರತಿಯೊಬ್ಬರನ್ನೂ ಐದೈದು ನಿಮಿಷ ಕೂರಿಸಿಕೊಂಡು, ಕನ್ನಡದಲ್ಲಾದರೂ ಸರಿ, ಪ್ರಶ್ನೆ ಕೇಳುವುದೇ ಮೇಲು. ಅದಕ್ಕೆ ವೇಳಾಪಟ್ಟಿಯಲ್ಲಿ, ಹಗಲು ಹೊತ್ತಿನಲ್ಲೇ, ವಾರಕ್ಕೊಂದು ಗಂಟೆ ಬೇಕು. ಪ್ರಾಂಶುಪಾಲರು ದಯವಿಟ್ಟು ಕೊಡಬೇಕು.

ಇನ್ನೊಂದು ದಾರಿ ನಾವು ಕಲಿಸುವ ವಿಷಯದೊಳಗೇ ಇದೆ. ಆಡಿಟ್ ಕೂಡ ತಂಡದ ಕೆಲಸವೇ. ಅಲ್ಲಿ ಯಾವ ಕೆಲಸವನ್ನು ಯಾರು ಮಾಡಿದರು, ಯಾರು ಪರಿಶೀಲಿಸಿದರು, ಯಾವ ದಿನ ಎಂಬುದು ದಾಖಲಾಗಲೇಬೇಕೆಂದು ಲೆಕ್ಕಪರಿಶೋಧನಾ ಮಾನದಂಡ ಎಸ್‌ಎ 230 ಹೇಳುತ್ತದೆ. ಇದನ್ನು ಪಾಠ ಮಾಡುವ ನಾವು ನಮ್ಮ ವಿದ್ಯಾರ್ಥಿಗಳ ವರದಿಗೆ ಅನ್ವಯಿಸಿಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ಪಠ್ಯಕ್ರಮ ಮಂಡಳಿಯ ಸದಸ್ಯರೂ ಇರುತ್ತಾರೆ. ಬರುವ ಸೆಮಿಸ್ಟರಿನಿಂದ ಗುಂಪು ವರದಿಯ ಪ್ರತಿ ಅಧ್ಯಾಯದ ಕೆಳಗೆ ತಯಾರಿಸಿದವರು, ಪರಿಶೀಲಿಸಿದವರು, ದಿನಾಂಕ ಎಂಬ ಮೂರು ಸಾಲು ಕಡ್ಡಾಯವಾಗಲಿ ಎಂಬ ನಿರ್ಣಯವನ್ನು ಅಲ್ಲಿ ನಾನೇ ಮಂಡಿಸುತ್ತೇನೆ. ಅನುಮೋದಿಸಲು ನಿಮ್ಮಲ್ಲೊಬ್ಬರು ಏಳಬೇಕೆಂದು ಕೋರುತ್ತೇನೆ.