ಕಾವೇರಿಯ ಎರಡು ಮಹಶೀರ್‌ಗಳು



ಮೀನು ಹಿಡಿಯುವುದು ಒಂದು ಜೀವನೋಪಾಯವೆಂಬುದನ್ನು ಎಲ್ಲರೂ ಬಲ್ಲರು. ಅದು ಒಂದು ವಿನೋದವೂ ಹೌದೆಂದರೆ ನಮ್ಮಲ್ಲಿ ಓದುಬಲ್ಲವರು ಹುಬ್ಬೇರಿಸುವುದುಂಟು. ಚನ್ನಪಟ್ಟಣದ ಬಳಿಯ ವಿರೂಪಾಕ್ಷಿಪುರದ ಕಡೆ ಕೆರೆಯ ಏರಿಯ ಮೇಲೆ ಬಿದಿರ ಕೋಲು ಹಿಡಿದು ಕುಳಿತ ಹುಡುಗನನ್ನು ಕಂಡರೆ, ಶಾಲೆ ತಪ್ಪಿಸಿದ ಸೋಮಾರಿಯೆಂದು ಗದರಿಸುತ್ತೇವೆ. ಅದೇ ಕೆಲಸವನ್ನು ಇಂಗ್ಲೆಂಡಿನ ಐಸಾಕ್ ವಾಲ್ಟನ್ನನು ಮಾಡಿ, 1653ರಲ್ಲಿ ಅದನ್ನೊಂದು ಗ್ರಂಥವಾಗಿ ಬರೆದುದರಿಂದ, ಆತನನ್ನು ಸಾಹಿತ್ಯವೆಂದು ಓದುತ್ತೇವೆ. ಆದರೆ ವಾಲ್ಟನ್ನನಿಗಿಂತ ಐದು ಶತಮಾನಗಳಷ್ಟು ಹಿಂದೆಯೇ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವನ್ನೇ ಬರೆದಿಟ್ಟಿದ್ದಾನೆ. ಸಮುದ್ರದ ಮೀನಾವುದು, ಸಿಹಿನೀರಿನ ಮೀನಾವುದು, ಮೈಮೇಲೆ ಹುರುಪೆಯುಳ್ಳದ್ದಾವುದು, ಇಲ್ಲದ್ದಾವುದು, ಯಾವುದಕ್ಕೆ ಯಾವ ಎರೆ ಎಂಬುದನ್ನೆಲ್ಲ ಅಲ್ಲಿ ಕಾಣಬಹುದು. ಆದುದರಿಂದ ಈ ವಿನೋದವನ್ನು ಹೊರಗಿನಿಂದ ಬಂದುದೆಂದು ತಳ್ಳಿಬಿಡುವಂತಿಲ್ಲ.

ಈ ಹೊತ್ತು ನಾವು ಹೇಳಹೊರಟಿರುವುದು ಎರಡು ಮೀನುಗಳ ವಿಚಾರ. ಒಂದೇ ಹೊಳೆಯಲ್ಲಿ ಇರುವುವು, ಒಂದೇ ಹೆಸರಿನಿಂದ ಕರೆಯಿಸಿಕೊಳ್ಳುವುವು. ಹಾಗಿದ್ದೂ ಒಂದರ ವೃದ್ಧಿಯು ಇನ್ನೊಂದರ ಕ್ಷಯವನ್ನು ಮರೆಮಾಡಿದುದು ಹೇಗೆಂಬುದೇ ನಮ್ಮ ವಿಷಯ.

ಇಂತಹ ಜೋಡಿಗಳು ಬೇರೆ ದೇಶಗಳಲ್ಲಿಯೂ ಇವೆ. ಉತ್ತರ ಅಮೆರಿಕದ ಸರೋವರಗಳಲ್ಲಿ ಪೈಕ್ ಎಂಬುದೊಂದು, ಮಸ್ಕೆಲಂಜ್ ಅಥವಾ ಮುದ್ದಿನಿಂದ ಮಸ್ಕಿ ಎಂಬುದೊಂದು ಇದೆ. (ಅಶೋಕನ ಶಾಸನದಿಂದ ಪ್ರಸಿದ್ಧವಾದ ನಮ್ಮ ಮಸ್ಕಿಗೂ ಇದಕ್ಕೂ ಯಾವ ನಂಟೂ ಇಲ್ಲ.) ಎರಡೂ ಉದ್ದ ಮೂತಿಯ, ಹರಿತ ಹಲ್ಲಿನ, ಜೊಂಡಿನ ಮರೆಯಲ್ಲಿ ಹೊಂಚಿ ಕುಳಿತು ಮೇಲೆರಗುವ ಮೀನುಗಳು. ಪೈಕಿನ ಕಪ್ಪುಹಸುರು ಮೈಮೇಲೆ ತಿಳಿಯ ಚುಕ್ಕೆಗಳು; ಮಸ್ಕಿಯ ತಿಳಿಮೈಮೇಲೆ ಕಪ್ಪು ಗುರುತುಗಳು. ಅಷ್ಟರಿಂದ ನಿರ್ಧಾರವಾಗದಿದ್ದರೆ ಕೆಳದವಡೆಯ ಅಡಿಯ ಸಣ್ಣ ರಂಧ್ರಗಳನ್ನು ಎಣಿಸುತ್ತಾರೆ: ಒಂದೊಂದು ಪಕ್ಕಕ್ಕೆ ಐದು ಮೀರದಿದ್ದರೆ ಪೈಕ್, ಆರು ಮತ್ತು ಮೇಲ್ಪಟ್ಟರೆ ಮಸ್ಕಿ. ಪೈಕ್ ಯೂರೋಪು ಏಷ್ಯಾಗಳಲ್ಲಿಯೂ ಉಂಟು. ಹಸಿವಿನಿಂದ ಬೇಗನೆ ಗಾಳಕ್ಕೆ ಬೀಳುತ್ತದೆ. ಮಸ್ಕಿಯನ್ನಾದರೋ ಹತ್ತು ಸಾವಿರ ಸಲ ಗಾಳ ಎಸೆದರೆ ಒಮ್ಮೆ ದೊರೆಯುವ ಮೀನೆಂದು ಅಲ್ಲಿಯವರು ಹಾಸ್ಯ ಮಾಡುತ್ತಾರೆ. ಆದರೆ ನಮಗೆ ಬೇಕಾದ ಸಂಗತಿ ಬೇರೊಂದು. ಹಿಮ ಕರಗಿದೊಡನೆ ಪೈಕ್ ತತ್ತಿಯಿಡುತ್ತದೆ. ಮಸ್ಕಿ ಅದಕ್ಕಿಂತ ತಡವಾಗಿ ಇಡುತ್ತದೆ. ಮೊದಲು ಹುಟ್ಟಿ ಮೊದಲು ದೊಡ್ಡದಾದ ಪೈಕಿನ ಮರಿ ಆಮೇಲೆ ಹುಟ್ಟಿದ ಮಸ್ಕಿಯ ಮರಿಯನ್ನು ತಿಂದುಹಾಕುತ್ತದೆ. ಹಿಂದಿಲ್ಲದ ನೀರಿಗೆ ಪೈಕ್ ಹೊಕ್ಕ ಹಲವು ಕಡೆಗಳಲ್ಲಿ ಮಸ್ಕಿ ಕುಗ್ಗಿದೆ. ಅಲ್ಲಿಯ ಗಾಳಗಾರರಿಗೆ ಈ ಎರಡರ ವ್ಯತ್ಯಾಸವನ್ನು ತಿಳಿಯುವುದು ಕೇವಲ ಪಾಂಡಿತ್ಯವಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ನೀರಿಗೆ ಬಿಡಬೇಕು ಎಂಬ ಕಾನೂನೇ ಅದರ ಮೇಲೆ ನಿಂತಿದೆ.

ಇನ್ನು ನಮ್ಮ ಕಾವೇರಿಗೆ ಬರೋಣ. ಚನ್ನಪಟ್ಟಣದ ಕಣ್ವಾ ಹೊಳೆ ಶಿಂಷೆಯನ್ನೂ, ಶಿಂಷೆ ಕಾವೇರಿಯನ್ನೂ ಸೇರುತ್ತದೆ. ಅಲ್ಲಿಂದ ಕೆಳಗೆ ಮುತ್ತತ್ತಿ, ಭೀಮೇಶ್ವರಿ, ಗಾಲಿಬೋರೆಗಳನ್ನು ದಾಟಿ, ಕನಕಪುರದ ಕಡೆಯಿಂದ ಬರುವ ಅರ್ಕಾವತಿಯನ್ನು ಸಂಗಮದಲ್ಲಿ ಕೂಡಿಕೊಂಡು, ಮೇಕೆದಾಟಿನ ಬಂಡೆಗಳ ನಡುವೆ ನುಗ್ಗಿ ಹೋಗುವ ಈ ಕಾಡುಹೊಳೆಯ ಮಡುಗಳೇ ಮಹಶೀರ್ ಮೀನಿನ ಮನೆ.

ಮಹಶೀರ್ ನಮ್ಮ ಗೆಂಡೆಮೀನಿನ ಕುಲದ್ದು. ಪೈಕಿನಂತೆ ಅದಕ್ಕೆ ದವಡೆಯಲ್ಲಿ ಹಲ್ಲುಗಳಿಲ್ಲ, ಹಲ್ಲುಗಳಿರುವುದು ಗಂಟಲಿನಲ್ಲಿ. ಏಡಿಯನ್ನೂ ಬಸವನಹುಳುವನ್ನೂ ನುಂಗಿ ಅಲ್ಲಿ ಪುಡಿಮಾಡುತ್ತದೆ. ತುಟಿ ದಪ್ಪ, ಬಾಯ ಬದಿಗೆ ಎರಡು ಜೊತೆ ಮೀಸೆ, ದೊಡ್ಡ ಮೀನಿನಲ್ಲಿ ಅಂಗೈಯಗಲದ ಹುರುಪೆಗಳು. ಸಣ್ಣ ಮೀನು, ಹಣ್ಣು, ಕಾಳು, ಯಾವುದಕ್ಕೂ ಒಲ್ಲೆನೆನ್ನದು. ಇದಕ್ಕೆ ಅತ್ಯುತ್ತಮವಾದ ಎರೆ ಯಾವುದೆಂದು ಬಲ್ಲಿರಾ? ಬೇಯಿಸಿ ಉಂಡೆ ಕಟ್ಟಿದ ನಮ್ಮ ರಾಗಿಹಿಟ್ಟು! ಕಡಲಾಚೆಯಿಂದ ಬೆಲೆಬಾಳುವ ಕೋಲು, ರಾಟೆ, ದಾರಗಳನ್ನು ಹೊತ್ತು ತಂದವರೂ ಕೊನೆಗೆ ಹರಿಗೋಲಿನ ಅಂಬಿಗನ ಕೈಯ ರಾಗಿಮುದ್ದೆಗೆ ಶರಣಾಗಬೇಕಾಯಿತು.

ಗಾಳ ಕಚ್ಚಿದ ಮಹಶೀರ್ ಪೈಕಿನಂತೆ ನಿಂತಲ್ಲಿ ಒದ್ದಾಡುವುದಿಲ್ಲ. ಸೆಳವಿನೊಡನೆ ಒಂದೇ ಓಟಕ್ಕೆ ನೂರು ಗಜದಷ್ಟು ದಾರವನ್ನು ಎಳೆದುಕೊಂಡು ಹೋಗಿ, ಯಾವುದೋ ಬಂಡೆಯ ಹಿಂದೆ ಮುನಿಸಿಕೊಂಡಂತೆ ಅಲುಗದೆ ನಿಂತುಬಿಡುತ್ತದೆ. ಮದರಾಸಿನ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು ಭಾರತದ ಗಾಳದ ಬೇಟೆಯನ್ನು ಕುರಿತು 1873ರಲ್ಲಿ ಗ್ರಂಥ ಬರೆದು, ತನ್ನ ದೇಶದ ಸಾಲ್ಮನ್ ಮೀನಿಗಿಂತಲೂ ಇದನ್ನೇ ಮೇಲೆಂದು ಎತ್ತಿಹಿಡಿದನು. 1919ರಲ್ಲಿ ಮೇಜರ್ ರಿವೆಟ್-ಕಾರ್ನಾಕನು ಕಾವೇರಿಯಲ್ಲಿ 119 ಪೌಂಡಿನ ಮಹಶೀರನ್ನು ಹಿಡಿದನು. 1946ರಲ್ಲಿ ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನದನ್ನು, ಎಂದರೆ ಸುಮಾರು 54 ಕಿಲೋಗ್ರಾಮಿನದನ್ನು, ಹಿಡಿದರು. ಮಸ್ಕಿಯ ವಿಶ್ವದಾಖಲೆ, 1949ರದು, 67 ಪೌಂಡನ್ನು ಸ್ವಲ್ಪ ಮೀರಿದ್ದು; ಪೈಕಿನದು, 1986ರದು, 55 ಪೌಂಡು. ಲೆಕ್ಕ ನೋಡಿದರೆ ಅವೆರಡನ್ನೂ ತಕ್ಕಡಿಯ ಒಂದೇ ತಟ್ಟೆಯಲ್ಲಿಟ್ಟು ತೂಗಿದರೆ ಕಬಿನಿಯ ಆ ಒಂದು ಮೀನಿಗೆ ಸರಿಹೋದಾವು!

ಈ ದೈತ್ಯಮೀನು ಯಾವುದು? ಅದರ ಬೆನ್ನು ತಲೆಯ ಹಿಂದಿನಿಂದಲೇ ದಿಬ್ಬದಂತೆ ಏರುತ್ತದೆ. ಮೈ ಹೊಂಬಣ್ಣ, ಬಾಲವೂ ರೆಕ್ಕೆಗಳೂ ಕಿತ್ತಳೆಯ ಬಣ್ಣ. ಇದನ್ನು ಗೂನುಬೆನ್ನಿನ ಮಹಶೀರ್ ಎನ್ನೋಣ. ಇದು ಕಾವೇರಿಯಲ್ಲಿಯೂ ಕಾವೇರಿಯನ್ನು ಸೇರುವ ಹೊಳೆಗಳಲ್ಲಿಯೂ ಅಲ್ಲದೆ ಜಗತ್ತಿನಲ್ಲಿ ಮತ್ತೆಲ್ಲಿಯೂ ಇಲ್ಲ. ಎರಡನೆಯದು ನೀಲಿ ರೆಕ್ಕೆಯ ಮಹಶೀರ್. ಬೆನ್ನಿನ ರೇಖೆ ನಯವಾಗಿ ಬಾಗಿದ್ದು, ಮೈ ಬೆಳ್ಳಿಯ ಛಾಯೆಯದು, ರೆಕ್ಕೆಗಳು ನೀಲಿಬೂದು. ಇದರ ತವರು ಕೃಷ್ಣಾನದಿಯ ಜಲಾನಯನ. ಕರ್ನಲ್ ಸೈಕ್ಸ್ ಎಂಬುವನು ಪುಣೆಯ ಬಳಿಯ ಮುಳಾ-ಮುಠಾ ಹೊಳೆಯಿಂದ ಹಿಡಿದು 1839ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತನು.

ಪುಣೆಯ ಮೀನು ಕಾವೇರಿಗೆ ಬಂದುದು ಹೇಗೆ? ಇಲ್ಲಿಯೇ ಕಥೆಯ ತಿರುವು. ಕೃಷ್ಣರಾಜಸಾಗರ, ಮೆಟ್ಟೂರು ಮೊದಲಾದ ಕಟ್ಟೆಗಳು ಹೊಳೆಯ ಪ್ರಕೃತಿಯನ್ನು ಬದಲಿಸಿದುವು. ಸಿಡಿಮದ್ದು ಎಸೆದು ಮಡುವಿನ ಮೀನನ್ನೆಲ್ಲ ಒಮ್ಮೆಗೇ ಕೊಲ್ಲುವ ದುಷ್ಟಪದ್ಧತಿ ಬೆಳೆಯಿತು. ಮಹಶೀರ್ ಮುಗಿಯಿತೆಂದು ಜನ ಭಾವಿಸಿದ್ದ ಕಾಲದಲ್ಲಿ, 1970ರ ದಶಕದ ಕೊನೆಯಲ್ಲಿ, ಕೆಲವರು ಇಂಗ್ಲಿಷ್ ಗಾಳಗಾರರು ಬಂದು, ಕಾವೇರಿಯಲ್ಲಿ ಅದಿನ್ನೂ ಉಂಟೆಂದು ತೋರಿಸಿದರು. ದಕ್ಷಿಣ ಭಾರತದ ವನ್ಯಜೀವಿ ಸಂಘವೂ, ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯೂ ಹೊಳೆಯ ಕೆಲವು ಭಾಗಗಳನ್ನು ಕಾಯ್ದುಕೊಂಡು, ಗಾಳಗಾರರಿಗೆ ಬಿಡಾರಗಳನ್ನು ನಡೆಯಿಸಿದುವು. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಜೀವಸಹಿತ ನೀರಿಗೆ ಬಿಡತಕ್ಕದ್ದೆಂಬುದು ಅಲ್ಲಿಯ ನಿಯಮ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಹಳ್ಳಿಗರಲ್ಲಿ ಹಲವರು ಅಲ್ಲಿ ಕಾವಲುಗಾರರೂ ಮಾರ್ಗದರ್ಶಕರೂ ಆಗಿ ಸಂಬಳ ಪಡೆದರು. ಇದು ಸಾಮಾನ್ಯವಾದ ಕಾರ್ಯವಲ್ಲ. ಅರಣ್ಯವನ್ನು ಕೋವಿಯಿಂದ ಕಾಯುವುದಕ್ಕಿಂತ ಊಟದಿಂದ ಕಾಯುವುದು ಸುಲಭವೆಂದು ನಮ್ಮ ಅಭಿಪ್ರಾಯ.

ಹೊಳೆಯನ್ನು ಮತ್ತೆ ತುಂಬುವ ಸದುದ್ದೇಶದಿಂದ ಮರಿಗಳನ್ನು ತಂದುಬಿಡುವ ಕೆಲಸವೂ ನಡೆಯಿತು. ಆಗ ಮಹಶೀರನ್ನು ಕೃತಕವಾಗಿ ಮರಿಮಾಡಿಸುವ ವಿದ್ಯೆಯನ್ನು ಸಾಧಿಸಿದ್ದುದು ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರ ಮೀನುಮರಿ ಕೇಂದ್ರ. ಅಲ್ಲಿ ದೊರೆಯುತ್ತಿದ್ದುದು ನೀಲಿ ರೆಕ್ಕೆಯದು. ಮಹಶೀರ್ ಮಹಶೀರೇ ಅಲ್ಲವೆ ಎಂಬ ಭಾವನೆಯಿಂದ ಕಾವೇರಿಗೂ ಅದರ ಮರಿಗಳನ್ನು ಬಿಟ್ಟರು. ಬಿಟ್ಟವರ ಮನಸ್ಸಿನಲ್ಲಿ ಕೇಡೇನೂ ಇರಲಿಲ್ಲ. ಇದ್ದುದು ಹೆಸರಿನ ಗೊಂದಲ.

ಈ ಗೊಂದಲ ಎಷ್ಟು ದೊಡ್ಡದೆಂದರೆ, ನೂರೈವತ್ತು ವರ್ಷ ಗಾಳಗಾರರೆಲ್ಲ ಕೊಂಡಾಡಿದ ಗೂನುಬೆನ್ನಿನ ಮೀನಿಗೆ ಶಾಸ್ತ್ರದಲ್ಲಿ ಸ್ಥಿರವಾದ ಹೆಸರೇ ಇರಲಿಲ್ಲ. ಕೆಲಕಾಲ ‘ಮುಸ್ಸುಲ್ಲಾ’ ಎಂಬ ಹೆಸರನ್ನು ಅದಕ್ಕೆ ಅಂಟಿಸಿದ್ದರು. ವಿಚಾರ ಮಾಡಿದಲ್ಲಿ ಆ ಹೆಸರು ಬೇರೊಂದು ಜಾತಿಯ ಮೀನಿನ ಸ್ವತ್ತೆಂದು ತಿಳಿಯಿತು. ಕೇರಳದಲ್ಲಿ ಹರಿಯುವ ಕಾವೇರಿಯ ಉಪನದಿಯಾದ ಪಾಂಬಾರಿನ ಸಣ್ಣ ಮೀನುಗಳಿಗೆ ಇಬ್ಬರು ವಿದ್ವಾಂಸರು ‘ಟಾರ್ ರೇಮಾದೇವಿಯೈ’ ಎಂದು, ಪ್ರಾಣಿಶಾಸ್ತ್ರಜ್ಞೆ ರೇಮಾದೇವಿಯವರ ಗೌರವಾರ್ಥವಾಗಿ ಹೆಸರಿಟ್ಟಿದ್ದರು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದವರು ಮೋಯಾರು ಹೊಳೆಯಿಂದ ಗೂನುಬೆನ್ನಿನ ಮೀನನ್ನು ಪಡೆದು, ಅಂಗರಚನೆಯನ್ನೂ ವಂಶವಾಹಿಯನ್ನೂ ಹೋಲಿಸಿ, ಆ ಸಣ್ಣ ಮೀನೂ ಈ ದೈತ್ಯವೂ ಒಂದೇ ಎಂದು 2018ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅಂತರರಾಷ್ಟ್ರೀಯ ಸಂರಕ್ಷಣಾ ಪಟ್ಟಿಯಲ್ಲಿ ಅದು ಅಳಿವಿನ ಅತ್ಯಂತ ಸಮೀಪದಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ಹೆಸರಿಲ್ಲದವನಿಗೆ ಯಾವ ಕಛೇರಿಯಲ್ಲಿಯೂ ಅರ್ಜಿ ಕೊಡುವ ಹಾಗಿಲ್ಲವಷ್ಟೆ. ಮೀನಿನ ಗತಿಯೂ ಅದೇ.

ಹಾಗಾದರೆ ಅದು ಕ್ಷೀಣಿಸುತ್ತಿದೆಯೆಂದು ತಿಳಿದುದು ಹೇಗೆ? ಗಾಳಗಾರರು ಬರೆದಿಟ್ಟ ಪುಸ್ತಕದಿಂದಲೇ. ಗಾಲಿಬೋರೆಯ ಬಿಡಾರದಲ್ಲಿ 1998ರಿಂದ 2012ರವರೆಗೆ ನಡೆದ 23,620 ಘಂಟೆಗಳ ಬೇಟೆಯಲ್ಲಿ 6,161 ಮಹಶೀರ್‌ಗಳನ್ನು ಹಿಡಿದು ಬಿಟ್ಟಿದ್ದರು. ಪಿಂಡರ್ ಮತ್ತು ಸಂಗಡಿಗರು ಆ ಲೆಕ್ಕವನ್ನು ಬಿಡಿಸಿ ನೋಡಿದರು. ಒಟ್ಟಿನಲ್ಲಿ ನೋಡಿದರೆ ಸಂತೋಷದ ವಾರ್ತೆ: ಮಹಶೀರ್ ಹೆಚ್ಚುತ್ತಿದೆ! ಎರಡನ್ನೂ ಬೇರ್ಪಡಿಸಿದಾಗ ಕಂಡುದು ಬೇರೆ. ಹೆಚ್ಚುತ್ತಿದ್ದುದು ನೀಲಿ ರೆಕ್ಕೆಯದು ಮಾತ್ರ. ಗೂನುಬೆನ್ನಿನದು ವರ್ಷವರ್ಷಕ್ಕೂ ವಿರಳವಾಗುತ್ತ ಬಂದಿತ್ತು. ಅಷ್ಟೇ ಅಲ್ಲ, ಸಿಕ್ಕುತ್ತಿದ್ದ ಗೂನುಬೆನ್ನಿನ ಮೀನುಗಳ ಸರಾಸರಿ ತೂಕ ಏರುತ್ತಿತ್ತು. ತೂಕ ಏರಿದರೆ ಒಳ್ಳೆಯದಲ್ಲವೆ ಎಂದು ಕೇಳಬಹುದು. ಮನೆಯೊಂದರಲ್ಲಿ ವರ್ಷವರ್ಷಕ್ಕೆ ಜನರ ಸರಾಸರಿ ವಯಸ್ಸು ಏರುತ್ತಿದ್ದರೆ ಅದರ ಅರ್ಥವೇನು? ತೊಟ್ಟಿಲು ತೂಗುತ್ತಿಲ್ಲವೆಂದಲ್ಲವೆ? ಮುದಿ ಮೀನುಗಳು ಉಳಿದಿದ್ದುವು, ಮರಿಗಳು ಬರುತ್ತಿರಲಿಲ್ಲ.

ಪೈಕಿನ ಮರಿ ಮಸ್ಕಿಯ ಮರಿಯನ್ನು ತಿಂದಂತೆ ಇಲ್ಲಿಯೂ ನಡೆಯಿತೆಂದು ನಾವು ಹೇಳುತ್ತಿಲ್ಲ. ಬಂದ ಮೀನಿನ ಪೈಪೋಟಿಯೊಡನೆ ಕಟ್ಟೆಗಳು, ಸಿಡಿಮದ್ದು, ಮರಳು ತೆಗೆಯುವಿಕೆ, ಬೆಂಗಳೂರಿನ ಕೊಳಕನ್ನು ವೃಷಭಾವತಿಯಿಂದ ಪಡೆದು ಹೊತ್ತು ತರುವ ಅರ್ಕಾವತಿ, ಇವೆಲ್ಲದರ ಪಾಲೂ ಇದೆ. ಆದರೆ ಫಲ ಮಾತ್ರ ಒಂದೇ ಬಗೆಯದು: ಎಲ್ಲಿಯೂ ಬಾಳಬಲ್ಲ ಜ್ಞಾತಿ ಹರಡಿತು, ಒಂದೇ ಹೊಳೆಯನ್ನು ನೆಚ್ಚಿದ ದೊಡ್ಡದು ಹಿಂಜರಿಯಿತು. ನೀಲಿ ರೆಕ್ಕೆಯದನ್ನು ಈಚೆಗೆ ಅಪಾಯದ ಪಟ್ಟಿಯಿಂದಲೇ ಕೆಳಗಿಳಿಸಿದ್ದಾರೆ.

2012ರ ಹೊತ್ತಿಗೆ ಗಾಲಿಬೋರೆಯ ಪುಸ್ತಕವೂ ಮುಚ್ಚಿತು. ಆ ಭಾಗವು 1987ರಲ್ಲಿ ಸ್ಥಾಪಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದುದಾದುದರಿಂದ, 1972ರ ಕಾಯಿದೆಯ ಪ್ರಕಾರ ಹಿಡಿದು ಬಿಡುವುದೂ ಬೇಟೆಯೇ ಎಂದು ಅರ್ಥಮಾಡಿ, ಗಾಳವನ್ನು ನಿಲ್ಲಿಸಿದರು. ಆನೆ ಜಿಂಕೆಗಳಿಗೆ ಒಪ್ಪುವ ನ್ಯಾಯ ಮೀನಿಗೂ ಒಪ್ಪಬೇಕೆಂಬುದು ತರ್ಕಶುದ್ಧವಾದ ಮಾತೇ ಸರಿ. ಕೊಕ್ಕೆ ಚುಚ್ಚುವುದರಿಂದ ಮೀನಿಗೆ ಹಿತವೆಂದು ವಾದಿಸುವಷ್ಟು ಧೈರ್ಯ ನಮಗಿಲ್ಲ. ಆದರೂ ಗಾಳದವರು ಎದ್ದುಹೋದ ಮಡುವಿನಲ್ಲಿ ಇರುಳು ಸಿಡಿಮದ್ದಿನವನು ಬಂದರೆ ನೋಡುವ ಕಣ್ಣುಗಳು ಕಡಮೆಯಾದುವೆಂಬುದೂ, ಮೀನಿನ ಲೆಕ್ಕವಿಡುವ ಅಗ್ಗವಾದ ಸಾಧನವೊಂದು ಹೋಯಿತೆಂಬುದೂ ನಿಜ. ಲೆಕ್ಕವಿಡುವುದನ್ನಾದರೂ ಬೇರೆ ರೀತಿಯಲ್ಲಿ ಮುಂದುವರಿಸಬೇಕಾಗಿತ್ತು. ಈಗ ಮೇಕೆದಾಟಿನ ಬಳಿ ಕಟ್ಟೆಯ ಪ್ರಸ್ತಾಪವೂ ಇದೆ. ಎರಡು ರಾಜ್ಯಗಳ ನೀರಿನ ವ್ಯಾಜ್ಯದಲ್ಲಿ ಮೀನಿನ ಪರವಾಗಿ ವಕಾಲತ್ತು ಹಿಡಿದವರು ಬಹಳ ಮಂದಿಯಿಲ್ಲ. ಸೆಳವಿನ ನೀರೂ ಕಲ್ಲುಹಾಸೂ ಬೇಕಾದ ಈ ಮೀನಿಗೆ ನಿಂತ ನೀರು ಮನೆಯಾಗಲಾರದು.

ಮರಿಮಾಡಿಸುವವರಿಗೂ ಒಂದು ಮಾತು ಸಲ್ಲುತ್ತದೆ. ಕೊಡಗಿನ ಹಾರಂಗಿಯಲ್ಲಿ ನಮ್ಮ ಮೀನುಗಾರಿಕೆಯ ಇಲಾಖೆಯವರ ಮಹಶೀರ್ ಕೇಂದ್ರವಿದೆ. ಯಾವ ಹೊಳೆಗೆ ಯಾವ ಮರಿ ಎಂಬುದನ್ನು ಇನ್ನು ಮೇಲೆ ‘ಮಹಶೀರ್’ ಎಂಬ ಒಂದು ಪದದಿಂದ ತೀರ್ಮಾನಿಸಲಾಗದು. ಗೂನುಬೆನ್ನಿನ ತಾಯಿತಂದೆಗಳು ಮೋಯಾರಿನಂತಹ ಕೆಲವು ಕಾಡುಹೊಳೆಗಳಲ್ಲಿ ಇನ್ನೂ ಉಳಿದಿವೆ.

ಭಾನುವಾರಗಳಲ್ಲಿ ಬೆಂಗಳೂರಿನಿಂದಲೂ ರಾಮನಗರದಿಂದಲೂ ಸಂಗಮಕ್ಕೆ ಹೋಗುವ ಶ್ರೋತೃಗಳು ಬಹಳ ಮಂದಿಯಿದ್ದೀರಿ. ಅಲ್ಲಿ ತಿಳಿನೀರಿನಲ್ಲಿ ದೊಡ್ಡ ಮೀನೊಂದು ಹೊರಳಿದರೆ ‘ಅಗೋ ಮಹಶೀರ್’ ಎಂದು ಯಾರಾದರೂ ಕೂಗಿಯೇ ಕೂಗುತ್ತಾರೆ. ಆಗ ಅದರ ಗಾತ್ರವನ್ನು ನೋಡಬೇಡಿ. ಮರಿಯಲ್ಲಿ ಗೂನು ಎದ್ದು ಕಾಣದಾದುದರಿಂದ ಬೆನ್ನನ್ನೂ ನಂಬಬೇಡಿ. ಬಾಲದ ಬಣ್ಣ ನೀಲಿಯೋ ಕಿತ್ತಳೆಯೋ ಎಂಬುದನ್ನು ನೋಡಿರಿ.