ತರಗು ಬೆಂಕಿಯ ಸಾಕ್ಷ್ಯ

ಕೇಳುಗರೇ, ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋದವರು ಲಂಟಾನದ ಪೊದೆಗಳನ್ನು ಕಂಡೇ ಇರುತ್ತೀರಿ. ಚಾಮರಾಜನಗರ ಜಿಲ್ಲೆಯ ಇನ್ನೊಂದು ಅಂಚಿನಲ್ಲಿರುವ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಅದರದೇ ಆಳ್ವಿಕೆ. ಅಲ್ಲಿಯ ಸೋಲಿಗರು ಹಿಂದೆ ಬೇಸಗೆ ಬಲಿಯುವ ಮುನ್ನ ಉದುರಿದ ಎಲೆಗಳಿಗೆ ಕಿಚ್ಚಿಡುತ್ತಿದ್ದರು. ಅದೇ ತರಗು ಬೆಂಕಿ. 1974ರಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಅದಕ್ಕೆ ಎಡೆಯಿಲ್ಲದಾಯಿತು. ಬೆಂಕಿಯೆಂದರೆ ವಿನಾಶ ಎಂಬ ತೀರ್ಪು ಸಿದ್ಧವಾಗಿಯೇ ಇತ್ತು. ಕಾಡಿನವರ ಅನುಭವ ಸಾಕ್ಷ್ಯವೆನಿಸಲಿಲ್ಲ. ಸದುದ್ದೇಶದಿಂದ ಹುಟ್ಟಿದ ಪೂರ್ವಗ್ರಹವನ್ನು ಗುರುತಿಸುವುದು ಬಹಳ ಕಷ್ಟ.

ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿಮರಗಳಿಗೆ ಬಂದಳಿಕೆ ಹತ್ತಿತು ಎಂಬುದು ಸೋಲಿಗರ ವಾದ. 1997ರಲ್ಲಿ ಅಳೆದಿದ್ದ ಕಾಡನ್ನು ಸಂಶೋಧಕರು 2008ರಲ್ಲಿ ಮತ್ತೆ ಅಳೆದಾಗ ಲಂಟಾನ ಹೆಚ್ಚುಕಡಿಮೆ ಇಮ್ಮಡಿ ಕಡೆಗಳಲ್ಲಿತ್ತು. 2011ರಲ್ಲಿ ಅರಣ್ಯಹಕ್ಕು ಕಾಯಿದೆಯಡಿ ಹಲವು ಪೋಡುಗಳಿಗೆ ಸಮುದಾಯದ ಹಕ್ಕು ದೊರೆತು, ಅವರ ಮಾತಿಗೆ ಕಾನೂನಿನ ಆಸರೆಯೂ ಬಂತು.

ಆದರೆ ಸೋಲಿಗರ ಕಡೆಗೆ ನನಗಿರುವ ಒಲವೂ ಪೂರ್ವಗ್ರಹವೇ ಸರಿ. ಬೆಂಕಿ ನಿಂತದ್ದೇ ಕಾರಣವೆಂದು ಆ ಅಂಕಿಯೊಂದೇ ಹೇಳಲಾರದು. ಕೆಲವು ತುಂಡು ನೆಲವನ್ನು ಚೀಟಿಯೆತ್ತಿ ಸುಟ್ಟು, ಕೆಲವನ್ನು ಹಾಗೆಯೇ ಬಿಟ್ಟು ಹೋಲಿಸಬೇಕು. ಯಾವ ಫಲ ಬಂದರೆ ನಮ್ಮದು ತಪ್ಪೆಂದು ಒಪ್ಪುವೆವೆಂಬುದನ್ನು ಅಳೆಯುವ ಮೊದಲೇ ಬರೆದಿಡಬೇಕು. ಇಂದಿನ ದಟ್ಟ ಲಂಟಾನದಲ್ಲಿ ಆ ಹಳೆಯ ತರಗು ಬೆಂಕಿಯೇ ಮರದ ನೆತ್ತಿಗೇರೀತು. ಎಲ್ಲಿ, ಯಾವಾಗ ಸುಡಬಹುದೆಂಬುದನ್ನು ಸೋಲಿಗರನ್ನೇ ಮೊದಲು ಕೇಳಬೇಕಾಗಿದೆ.