ಬೀಗ ಹಾಕಿದ ಸಂದೇಶ: ಡೇಟಿಂಗ್ ತಾಣಗಳ ವ್ಯವಹಾರದಲ್ಲಿ ಮೋಸದ ಸ್ವರೂಪ

ಡೇಟಿಂಗ್ ತಾಣಗಳ ವಂಚನೆ ಎಂದೊಡನೆ ನೆನಪಾಗುವವನು, ಸುಳ್ಳು ಹೆಸರಿನಲ್ಲಿ ಸಲಿಗೆ ಬೆಳೆಸಿ, ಆಸ್ಪತ್ರೆಯ ಖರ್ಚೆಂದೋ ಕಸ್ಟಮ್ಸ್ ಸುಂಕವೆಂದೋ ಹಣ ಕೀಳುವ ಮೂರನೆಯ ವ್ಯಕ್ತಿ. ಪತ್ರಿಕೆಗಳ ಅಪರಾಧ ಪುಟದಲ್ಲಿ ಕಾಣಿಸಿಕೊಳ್ಳುವವನೂ ಅವನೇ, ಸೈಬರ್ ಠಾಣೆಯವರು ಎಚ್ಚರಿಸುವುದೂ ಅವನ ಬಗೆಗೇ. ಪ್ರಸ್ತುತ ಉಪನ್ಯಾಸ ಅವನನ್ನು ಕುರಿತದ್ದಲ್ಲ. ನೋಂದಾಯಿತ ಕಚೇರಿ, ಲೆಕ್ಕಪರಿಶೋಧಕರು, ವಕೀಲರು ಎಲ್ಲರನ್ನೂ ಇಟ್ಟುಕೊಂಡ ಕಂಪನಿಯೇ ತನ್ನ ಗ್ರಾಹಕನಿಗೆ ಮಾಡುವ ಮೋಸ ಇಲ್ಲಿನ ವಿಷಯ. ಈ ಮೋಸದಲ್ಲಿ ಕೊಟ್ಟ ಹಣಕ್ಕೆ ರಸೀದಿ ಇರುತ್ತದೆ, ಷರತ್ತುಗಳಿಗೆ ಗ್ರಾಹಕನದೇ ಒಪ್ಪಿಗೆಯೂ ಇರುತ್ತದೆ. ಆದ್ದರಿಂದಲೇ ಅದನ್ನು ಮೋಸವೆಂದು ಸಾಧಿಸುವುದು ಕಷ್ಟ.

ಇಂಥ ಹಲವು ತಾಣಗಳಲ್ಲಿ ಸೇರುವುದು ಉಚಿತ, ಮಾತನಾಡುವುದಕ್ಕೆ ಶುಲ್ಕ. ಹೊಸಬನು ತನ್ನ ಹೆಸರು, ವಯಸ್ಸು, ಊರು, ಭಾವಚಿತ್ರಗಳನ್ನು ಒಳಗೊಂಡ ಪರಿಚಯಪುಟವನ್ನು, ಅಂದರೆ ಪ್ರೊಫೈಲನ್ನು, ಕಾಸಿಲ್ಲದೆ ತೆರೆಯಬಹುದು. ಆದರೆ ಯಾರೋ ಕಳಿಸಿದ ಸಂದೇಶವನ್ನು ತೆರೆದು ಓದಬೇಕಾದರೆ, ಇಲ್ಲವೇ ಅದಕ್ಕೆ ಉತ್ತರ ಬರೆಯಬೇಕಾದರೆ ಚಂದಾದಾರನಾಗಬೇಕು. ಹಾಗೆಂದರೆ ಕಂಪನಿ ಮಾರುವ ಸರಕು ಪರಿಚಯವಲ್ಲ, ಬೀಗ ಹಾಕಿದ ಸಂದೇಶದ ಕೀಲಿಕೈ. ಸಂದೇಶ ಬಾರದವನು ಕೀಲಿ ಕೊಳ್ಳುವುದಿಲ್ಲವಾದ್ದರಿಂದ, ಬಂದ ಪ್ರತಿಯೊಬ್ಬನಿಗೂ ಬೇಗನೆ ಒಂದು ಸಂದೇಶ ಬರುವಂತೆ ನೋಡಿಕೊಳ್ಳುವುದು ವ್ಯಾಪಾರದ ಅಗತ್ಯವಾಗುತ್ತದೆ. ಗಂಡಸರ ಸಂಖ್ಯೆ ಹೆಂಗಸರಿಗಿಂತ ಬಹಳ ಹೆಚ್ಚಿರುವ ತಾಣದಲ್ಲಿ ಅಷ್ಟೂ ಸಂದೇಶ ಬರೆಯಲು ನಿಜವಾದ ಜನ ಸಾಲುವುದಿಲ್ಲ.

ಆ ಕೊರತೆಯನ್ನು ಇಂಗ್ಲೆಂಡಿನ ಜೆಡಿಐ ಡೇಟಿಂಗ್ ಎಂಬ ಕಂಪನಿ ತುಂಬಿಕೊಂಡ ಬಗೆ ದಾಖಲೆಗಳಲ್ಲಿ ಉಳಿದಿದೆ. ವ್ಯಾಪಾರದಲ್ಲಿನ ಮೋಸವನ್ನು ತಡೆಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2014ರ ಅಕ್ಟೋಬರಿನಲ್ಲಿ ಪ್ರಕಟಿಸಿದಂತೆ, 18 ತಾಣಗಳನ್ನು ನಡೆಸುತ್ತಿದ್ದ ಈ ಕಂಪನಿ 'ವರ್ಚುವಲ್ ಕ್ಯುಪಿಡ್' ಎಂಬ ಹೆಸರಿನಲ್ಲಿ ತಾನೇ ಸೃಷ್ಟಿಸಿದ ಪ್ರೊಫೈಲುಗಳಿಂದ ಹೊಸಬರಿಗೆ ಮೆಚ್ಚುಗೆಯ ಸಂದೇಶಗಳನ್ನು ಕಳಿಸುತ್ತಿತ್ತು. ಇವು ಕೃತಕ ಎಂಬುದಕ್ಕೆ ಇದ್ದ ಸೂಚನೆಯೆಂದರೆ 'ಸಿ' ಅಕ್ಷರದೊಳಗೆ 'ವಿ' ಅಕ್ಷರವನ್ನು ಕೂಡಿಸಿದ ಒಂದು ಪುಟ್ಟ ಗುರುತು; ಕಂಡರೂ ಅರ್ಥವಾಗದ, ಬಹುಮಟ್ಟಿಗೆ ಕಾಣಲೂ ಕಾಣದ ಗುರುತು. ತಿಂಗಳಿಗೆ 10ರಿಂದ 30 ಡಾಲರ್ ಕೊಟ್ಟು ಉತ್ತರಿಸಹೊರಟವನ ಚಂದಾ ಅವನ ಗಮನಕ್ಕೆ ಬಾರದಂತೆ ತಾನೇತಾನಾಗಿ ನವೀಕರಣಗೊಳ್ಳುತ್ತಿತ್ತು. 6,16,165 ಡಾಲರ್ ಮರುಪಾವತಿಯೊಂದಿಗೆ ಮುಗಿದ ಈ ಪ್ರಕರಣ, ಡೇಟಿಂಗ್ ಸೇವೆಯೊಂದರ ಮೇಲೆ ಆ ಸಂಸ್ಥೆ ಕೈಗೊಂಡ ಮೊದಲ ಕ್ರಮ.

ಟೊರಾಂಟೊದ ಆಶ್ಲೆ ಮ್ಯಾಡಿಸನ್ ತಾಣದ ಕಥೆ ಹೆಚ್ಚು ಪ್ರಸಿದ್ಧ. ವಿವಾಹಿತರ ಹೊರಸಂಬಂಧಕ್ಕೆಂದೇ ನಡೆಯುತ್ತಿದ್ದ ಅದರ ಸುಮಾರು 3.6 ಕೋಟಿ ಖಾತೆಗಳ ವಿವರ 2015ರಲ್ಲಿ ಹ್ಯಾಕರುಗಳ ಪಾಲಾಗಿ ಬಹಿರಂಗವಾಯಿತು. ಜಗತ್ತು ಆಗ ನಕ್ಕದ್ದು ಸದಸ್ಯರನ್ನು ನೋಡಿ. ನೋಡಬೇಕಾಗಿದ್ದದ್ದು ಕಂಪನಿಯ ಕಡತಗಳನ್ನು. ವರ್ಷಕ್ಕೂ ಮೇಲ್ಪಟ್ಟು ತಾಣದತ್ತ ಸುಳಿಯದ ಹಳೆಯ ಸದಸ್ಯರ ಭಾವಚಿತ್ರ ಮತ್ತು ವಿವರಗಳನ್ನು ಬಳಸಿ ಸಿಬ್ಬಂದಿ ಸುಳ್ಳು ಹೆಣ್ಣುಗಳ ಪ್ರೊಫೈಲ್ ಹೆಣೆಯುತ್ತಿದ್ದರು; ಅವುಗಳಿಗೆ 'ಎಂಗೇಜರ್' ಎಂಬ ಒಳಹೆಸರೂ ಇತ್ತು. ತಮ್ಮ ಗುರುತನ್ನು ಪೂರ್ತಿ ಅಳಿಸಬೇಕೆಂದು 19 ಡಾಲರ್ ಪ್ರತ್ಯೇಕ ಶುಲ್ಕ ಕಟ್ಟಿದವರ ಮಾಹಿತಿಯನ್ನೂ ಕಂಪನಿ 12 ತಿಂಗಳವರೆಗೆ ಇಟ್ಟುಕೊಂಡಿತ್ತು. ಕಮಿಷನ್ ಮೊದಲಾದವರೊಡನೆ 2016ರ ಡಿಸೆಂಬರಿನಲ್ಲಿ ಆದ ಒಪ್ಪಂದದಲ್ಲಿ 1.75 ಕೋಟಿ ಡಾಲರ್ ದಂಡ ಗೊತ್ತಾದರೂ, ಕೊಡುವ ಶಕ್ತಿಯಿಲ್ಲವೆಂಬ ಕಾರಣಕ್ಕೆ ಕಂಪನಿ ಕೊಟ್ಟದ್ದು ಸುಮಾರು 16 ಲಕ್ಷ.

ಈ ಎರಡೂ ಕಡೆ ಸುಳ್ಳುಗಳನ್ನು ಬರೆದದ್ದು ಕಂಪನಿಯೇ ಆದ್ದರಿಂದ ಹೊಣೆಯ ಪ್ರಶ್ನೆ ಸರಳವಾಗಿತ್ತು. ಹೆಚ್ಚು ಸೂಕ್ಷ್ಮವಾದದ್ದು, ಟಿಂಡರ್, ಹಿಂಜ್, ಓಕೆಕ್ಯುಪಿಡ್‌ಗಳ ಒಡೆತನವಿರುವ ಮ್ಯಾಚ್ ಗ್ರೂಪಿನ ಮೇಲೆ ಅದೇ ಕಮಿಷನ್ 2019ರ ಸೆಪ್ಟೆಂಬರಿನಲ್ಲಿ ಹೂಡಿದ ದಾವೆ. ಮ್ಯಾಚ್ ಡಾಟ್ ಕಾಮ್ ತಾಣದ ಸ್ವಯಂಚಾಲಿತ ವ್ಯವಸ್ಥೆ ಕೆಲವು ಖಾತೆಗಳನ್ನು ವಂಚಕರದ್ದಿರಬಹುದೆಂದು ಶಂಕಿಸಿ ಗುರುತು ಹಾಕುತ್ತಿತ್ತು. ಆ ಖಾತೆಗಳಿಂದ ಹೊರಟ ಸಂದೇಶಗಳನ್ನು, ಪರಿಶೀಲನೆ ಮುಗಿಯುವವರೆಗೆ, ಹಣ ಕೊಟ್ಟ ಚಂದಾದಾರರಿಗೆ ತಲುಪದಂತೆ ತಡೆಹಿಡಿಯುತ್ತಿತ್ತು. ಆದರೆ ಚಂದಾ ಕಟ್ಟದವರಿಗೆ, ಅದೇ ಖಾತೆಗಳನ್ನು ಮುಂದಿಟ್ಟುಕೊಂಡು, ಯಾರೋ ಮೆಚ್ಚಿದ್ದಾರೆ, ನೋಡಲು ಚಂದಾದಾರರಾಗಿ ಎಂಬ ಇಮೇಲ್ ಹೋಗುತ್ತಿತ್ತು ಎಂಬುದು ದೂರಿನ ಸಾರ. 2016ರ ಜೂನ್‌ನಿಂದ 2018ರ ಮೇ ತಿಂಗಳವರೆಗೆ, ಇಂಥ ಇಮೇಲ್ ತಲುಪಿದ 24 ಗಂಟೆಯೊಳಗೆ 4,99,691 ಹೊಸ ಚಂದಾಗಳಾದವೆಂದು ಕಮಿಷನ್ ಲೆಕ್ಕ ಹಾಕಿತು. ಕಂಪನಿ ಆರೋಪಗಳನ್ನು ಅಲ್ಲಗಳೆಯಿತು. ಹಣ ಕೊಟ್ಟವನನ್ನು ಕಾಯುವ ಜರಡಿಯೇ ಕೊಡದವನಿಗೆ ಗಾಳವಾಗುವ ಈ ವಿನ್ಯಾಸ, ದೂರಿನ ಮಾತು ನಿಜವಾದರೆ, ಜೆಡಿಐಯ ಕೃತಕ ಕ್ಯುಪಿಡ್‌ಗಳಿಗಿಂತ ಹೆಚ್ಚು ಜಾಣತನದ್ದು, ಏಕೆಂದರೆ ಇಲ್ಲಿ ಸುಳ್ಳು ಹೇಳುವವನು ಹೊರಗಿನವನು, ಲಾಭ ಮಾತ್ರ ಒಳಗಿನದು.

ದಾವೆಯ ಗತಿಯೂ ಗಮನಾರ್ಹ. ಬಳಕೆದಾರರು ಬರೆದದ್ದಕ್ಕೆ ತಾಣ ಹೊಣೆಯಲ್ಲ ಎನ್ನುವ ಅಮೆರಿಕದ 1996ರ ಕಾಯಿದೆಯ 230ನೆಯ ಕಲಮಿನ ಆಸರೆಯಲ್ಲಿ, ಇಮೇಲಿಗೆ ಸಂಬಂಧಿಸಿದ ಆರೋಪಗಳು 2022ರಲ್ಲಿ ಬಿದ್ದುಹೋದವು. 2025ರ ಆಗಸ್ಟಿನಲ್ಲಿ 1.4 ಕೋಟಿ ಡಾಲರಿಗೆ ರಾಜಿಯಾದಾಗ ಉಳಿದಿದ್ದದ್ದು, ಆರು ತಿಂಗಳಲ್ಲಿ ಸಂಗಾತಿ ಸಿಗದಿದ್ದರೆ ಮತ್ತಾರು ತಿಂಗಳು ಉಚಿತ ಎಂಬ ಭರವಸೆಯ ಮರೆಮಾಚಿದ ಷರತ್ತುಗಳು, ಚಂದಾ ರದ್ದುಮಾಡಲು ಆರಕ್ಕೂ ಹೆಚ್ಚು ಕ್ಲಿಕ್ ಬೇಕಾಗಿದ್ದ ದಾರಿ ಮೊದಲಾದವು. ಕಾನೂನಿಗೆ ಕ್ಲಿಕ್ಕುಗಳನ್ನು ಎಣಿಸುವುದು ಸಾಧ್ಯವಾಯಿತು. ಒಬ್ಬಂಟಿಯ ಆಸೆಯನ್ನು ಕೆರಳಿಸಿದ್ದಕ್ಕೆ ಬೆಲೆ ಕಟ್ಟುವುದು ಆಗಲಿಲ್ಲ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಮುಂದಿಟ್ಟು, ಸಂಬಂಧ ಕುದುರಿಸುವ ವ್ಯವಹಾರದಲ್ಲಿ ಸುಳ್ಳು ಹೊಸದೇನಲ್ಲ ಎಂದು ವಾದಿಸಬಹುದು. ಆದರೆ ದಲ್ಲಾಳಿಯ ಸಂಭಾವನೆ ಹೆಚ್ಚಾಗಿ ಮದುವೆ ಗೊತ್ತಾದ ಮೇಲಿನದು. ಅವನ ಸುಳ್ಳು ಎಂಥದೇ ಇರಲಿ, ಅದು ಒಂದು ಮನೆಯ ಬಾಗಿಲವರೆಗಾದರೂ ಕರೆದೊಯ್ಯುತ್ತಿತ್ತು. ತಿಂಗಳ ಚಂದಾದಿಂದ ಬದುಕುವ ತಾಣಕ್ಕೆ ಗ್ರಾಹಕನ ಯಶಸ್ಸೆಂದರೆ ಆದಾಯದ ಖೋತಾ.

ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳ ಬಗ್ಗೆ, ಎಂದರೆ ಬಳಕೆದಾರನು ತಾನು ಬಯಸದ್ದನ್ನು ಮಾಡುವಂತೆ ಪರದೆಯನ್ನು ರೂಪಿಸುವ ತಂತ್ರಗಳ ಬಗ್ಗೆ, ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಹೆಸರಿಸಿತು. ಸೇರುವುದು ಸುಲಭ, ಬಿಡುವುದು ದುಸ್ತರವಾದ 'ಚಂದಾ ಬಲೆ' ಅವುಗಳಲ್ಲೊಂದು. ಅದಕ್ಕಿಂತ ಮುಖ್ಯವಾದದ್ದು ವೇಷ ಮರೆಸಿದ ಜಾಹೀರಾತು; ಬಳಕೆದಾರರೇ ಬರೆದದ್ದೆಂಬಂತೆ ತೋರುವ ಜಾಹೀರಾತೂ ಇದರೊಳಗೆ ಬರುವುದರಿಂದ, ಇಲ್ಲದ ಅಭಿಮಾನಿಯ ಸಂದೇಶಕ್ಕೆ ಈ ವ್ಯಾಖ್ಯೆ ಅಳತೆ ತೆಗೆದು ಹೊಲಿದಂತಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮು ಮಧ್ಯವರ್ತಿ ತಾಣಗಳಿಗೆ ರಕ್ಷಣೆ ಕೊಡುತ್ತದೆ, ನಿಜ. ಆದರೆ ಸಂದೇಶವನ್ನು ತಾನೇ ಹೊರಡಿಸಿದ, ಯಾರಿಗೆ ತಲುಪಬೇಕೆಂದು ತಾನೇ ಆರಿಸಿದ ತಾಣ ಆ ಕಲಮಿನ ಷರತ್ತನ್ನು ಪೂರೈಸುವುದಿಲ್ಲ ಎಂದು ವಾದಿಸಲು ಅವಕಾಶವಿದೆ.

ಕೊರತೆ ಇರುವುದು ದೂರುದಾರರದ್ದು. 45 ದಿನಗಳಲ್ಲಿ ವಧುವನ್ನು ತೋರಿಸುವುದಾಗಿ 30,000 ರೂಪಾಯಿ ಪಡೆದು ಮಾತಿಗೆ ತಪ್ಪಿದ ವಿವಾಹ ಸಂಸ್ಥೆಯೊಂದರ ವಿರುದ್ಧ ಬೆಂಗಳೂರಿನ ಗ್ರಾಹಕ ಆಯೋಗ 2024ರಲ್ಲಿ ಮರುಪಾವತಿ ಮತ್ತು ಪರಿಹಾರದ ಆದೇಶ ಕೊಟ್ಟಿತು; ಅಲ್ಲಿ ದೂರು ತಂದವರು ಮಗನಿಗೆ ಹೆಣ್ಣು ಹುಡುಕುತ್ತಿದ್ದ ತಂದೆ. ಹೆಣ್ಣು ಹುಡುಕುವುದು ನಾಲ್ಕು ಜನರೆದುರು ಹೇಳಿಕೊಳ್ಳಬಹುದಾದ ಕೆಲಸ, ಡೇಟಿಂಗ್ ಆ್ಯಪಿಗೆ ಹಣ ಕಟ್ಟಿ ಮೋಸಹೋದದ್ದು ಅಲ್ಲ. ಕಂಪನಿಗಳು ನೆಚ್ಚಿಕೊಳ್ಳಬಹುದಾದದ್ದೂ ಈ ನಾಚಿಕೆಯನ್ನೇ. ಆದರೆ ನೊಂದವನೇ ಮುಂದೆ ಬರಬೇಕೆಂದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 35ನೆಯ ಕಲಮಿನ ಪ್ರಕಾರ, ನೊಂದವನು ತನ್ನ ಸದಸ್ಯನಲ್ಲದಿದ್ದರೂ ಮಾನ್ಯತೆ ಪಡೆದ ಗ್ರಾಹಕ ಸಂಘ ದೂರು ಸಲ್ಲಿಸಬಹುದು. 18ನೆಯ ಕಲಮಿನ ಪ್ರಕಾರ ಪ್ರಾಧಿಕಾರ ಯಾರ ದೂರಿಗೂ ಕಾಯದೆ ತಾನೇ ವಿಚಾರಣೆ ಆರಂಭಿಸಬಹುದು.